ಮೈಭಾರವೂ ಮನೆಯ ನೆಮ್ಮದಿಯೂ

ಬಬಲೇಶ್ವರದ ಮದುವೆಯೊಂದರಲ್ಲಿ ನಾವು ಕಂಡ ಸಂಗತಿಯು ಇನ್ನೂ ಮನಸ್ಸಿನಲ್ಲಿದೆ. ಎಲ್ಲರೂ ಪಂಕ್ತಿಗೆ ಕೂಡುವಾಗ ತಾಯಿಯೊಬ್ಬರು ‘ನನಗ ಹಸಿವಿಲ್ರೀ’ ಎಂದು ಕಂಬಕ್ಕೊರಗಿ ನಿಂತಿದ್ದರು. ಹಸಿವು ಇದ್ದೇ ಇತ್ತು. ಆದರೆ ನೆಲಕ್ಕೆ ಕುಳಿತರೆ ಇಬ್ಬರು ಕೈಗೊಡದೆ ಏಳಲಾಗದು, ಏಳುವಾಗ ನೋಡಿದವರು ನಗುವರೆಂಬ ಸಂಕೋಚವು ಅವರನ್ನು ತಡೆದಿತ್ತು.

ಸ್ಥೂಲಕಾಯವೆಂದೊಡನೆ ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳನ್ನು ನೆನೆಯುವೆವು. ಆ ಭಯವು ಸಕಾರಣವೇ ಸರಿ. ಆದರೆ ರೋಗವು ಬಾಗಿಲಿಗೆ ಬರುವ ಮುನ್ನವೇ ಬೊಜ್ಜು ದಿನದಿನದ ಸಣ್ಣ ಸುಖಗಳನ್ನು ಒಂದೊಂದಾಗಿ ಕಸಿದುಕೊಳ್ಳುವುದು. ನಡೆಯುವಾಗ ಮೈಯ ಒಂದು ಕಿಲೋ ಹೆಚ್ಚಿನ ಭಾರವು ಮೊಣಕಾಲಿನ ಕೀಲಿಗೆ ಸುಮಾರು 4 ಕಿಲೋ ಆಗಿ ತಾಗುವುದು. ಕೊರಳ ಸುತ್ತ ಕೂಡಿದ ಕೊಬ್ಬು ನಿದ್ರೆಯಲ್ಲಿ ಉಸಿರಿನ ದಾರಿಯನ್ನು ಇಕ್ಕಟ್ಟಾಗಿಸುವುದು. ಅದರಿಂದ ಗೊರಕೆ, ನಡುನಡುವೆ ಉಸಿರುಕಟ್ಟು, ಹಗಲೆಲ್ಲ ತೂಕಡಿಕೆ. ವಿಜಯಪುರದ ಗೋಳಗುಮ್ಮಟದ ಏಳಂತಸ್ತಿನ ಗೋಪುರವನ್ನೇರಿ ಮೊಮ್ಮಗನೊಡನೆ ಪಿಸುಮಾತಿನ ಪ್ರತಿಧ್ವನಿಯನ್ನು ಕೇಳಬೇಕಾದ ಅಜ್ಜನು ಕೆಳಗಿನ ಉದ್ಯಾನದಲ್ಲಿಯೇ ಕಾಯುವನು.

ಇದಕ್ಕೆ ಸೋಮಾರಿತನವೊಂದೇ ಕಾರಣವೆನ್ನುವುದು ನ್ಯಾಯವಲ್ಲ. ವಂಶಗುಣ, ನಿದ್ರೆಯ ಕೊರತೆ, ಕೆಲವು ಔಷಧಗಳು ಸಹ ಮೈ ಬೆಳೆಸುವುವು. ಮೇಲಾಗಿ ಬಾಳಿನ ರೀತಿಯೇ ಬದಲಾಗಿದೆ. ತಿಕೋಟಾದ ಹೊಲಗಳಿಗೆ ನಡೆದುಹೋಗುತ್ತಿದ್ದವರು ಈಗ ಮೋಟಾರ್ ಸೈಕಲ್ಲನ್ನೇರುವರು. ಬೀಸುಕಲ್ಲಿನ ಕೆಲಸವನ್ನು ಗಿರಣಿಯೂ, ಬಾವಿಯ ಹಗ್ಗದ ಕೆಲಸವನ್ನು ಪಂಪೂ ವಹಿಸಿಕೊಂಡಿವೆ. ದುಡಿಮೆ ಇಳಿಯಿತು, ಊಟದ ಅಳತೆ ಇಳಿಯಲಿಲ್ಲ. ಬೇಕರಿಯ ತಿನಿಸೂ ಸಕ್ಕರೆಯ ಚಹಾವೂ ಅದಕ್ಕೆ ಕೂಡಿದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕ ಸ್ತ್ರೀಪುರುಷರಲ್ಲಿ ನೂರಕ್ಕೆ ಸುಮಾರು 30 ಮಂದಿ ಅತಿತೂಕದವರು.

ಪರಿಹಾರವು ಉಪವಾಸದಲ್ಲಿಲ್ಲ. ನಡುವಿನ ಸುತ್ತಳತೆಯು ಪುರುಷರಿಗೆ 90, ಸ್ತ್ರೀಯರಿಗೆ 80 ಸೆಂಟಿಮೀಟರು ಮೀರಿದರೆ ಎಚ್ಚರಗೊಳ್ಳಬೇಕು. 80 ಕಿಲೋ ತೂಗುವವರು 4ರಿಂದ 8 ಕಿಲೋ ಇಳಿದರೂ ಮೊಣಕಾಲು, ನಿದ್ರೆ, ರಕ್ತದೊತ್ತಡಗಳಿಗೆ ಗುಣ ಕಾಣುವುದು. ಜೋಳದ ರೊಟ್ಟಿಯು ವೈರಿಯಲ್ಲ. ರೊಟ್ಟಿ ಒಂದು ಕಡಮೆಯಾಗಿ, ಪುಂಡಿ ಪಲ್ಯ, ಕಾಳು, ಹಸಿ ತರಕಾರಿ ಹೆಚ್ಚಲಿ. ಶೇಂಗಾ ಹೋಳಿಗೆ ಹಬ್ಬಕ್ಕಿರಲಿ. ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು. ನಮ್ಮ ಬಿಸಿಲಿಗೆ ಸೂರ್ಯೋದಯದ ಹೊತ್ತೇ ಲೇಸು. ಎದೆನೋವು, ಏದುಸಿರು ಇದ್ದವರು ಮೊದಲು ವೈದ್ಯರನ್ನು ಕಾಣತಕ್ಕದ್ದು.

ಕೊನೆಯದಾಗಿ ಗೃಹಸ್ಥರಲ್ಲಿ ನಮ್ಮದೊಂದು ವಿಜ್ಞಾಪನೆ. ಹಾಸ್ಯದಿಂದ ಯಾರೂ ತೆಳ್ಳಗಾಗಲಿಲ್ಲ. ನಗೆಗೀಡಾದವರು ಹೊಸ್ತಿಲು ದಾಟುವುದನ್ನೇ ಬಿಡುವರು. ಒಬ್ಬರ ತಟ್ಟೆಯನ್ನಷ್ಟೇ ಬದಲಿಸದೆ ಮನೆಯವರೆಲ್ಲರೂ ಒಂದೇ ಅಡಿಗೆಯನ್ನು ಉಣ್ಣಲಿ, ಜೊತೆಯಾಗಿ ನಡೆಯಲಿ. ಆ ತಾಯಿಯವರು ಮುಂದಿನ ಮದುವೆಯಲ್ಲಿ ನೆಲಕ್ಕೆ ಕೂಡುವ ತನಕ ಪಂಕ್ತಿಯಲ್ಲಿ ಅವರಿಗೊಂದು ಕುರ್ಚಿಯನ್ನಿಡುವುದೂ ಆರೋಗ್ಯದ ಕೆಲಸವೇ.