ಸಂಸಾರದ ಹೊಣೆಯ ನಡುವೆ ಪದವಿ: ನೆರವಿನ ಮೂರು ದಾರಿಗಳು

ಯಶವಂತಪುರ, ಪೀಣ್ಯದ ಕಡೆ ದುಡಿಯುತ್ತ, ಮನೆ ಬಾಡಿಗೆಯನ್ನೂ ಮಕ್ಕಳ ಶಾಲಾ ಶುಲ್ಕವನ್ನೂ ಭರಿಸುತ್ತಿರುವವರು ಅರ್ಧಕ್ಕೆ ನಿಂತ ಪದವಿಯನ್ನು ಪೂರ್ಣಗೊಳಿಸಲು ಬಯಸಿದಾಗ ಮೊದಲು ಪರಿಶೀಲಿಸಬೇಕಾದುದು ಕೆಲಸ ಬಿಡದೆ ಓದಲು ಅನುವಾಗುವ ದೂರಶಿಕ್ಷಣ. 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವು ಬೆಂಗಳೂರಿನಲ್ಲಿಯೂ ಪ್ರಾದೇಶಿಕ ಕೇಂದ್ರಗಳನ್ನು ಹೊಂದಿದೆ.

ಎರಡನೆಯದು ವಿದ್ಯಾರ್ಥಿವೇತನ, ಅಂದರೆ ಮರಳಿಸಬೇಕಿಲ್ಲದ ನೆರವು. ಎಸ್‌ಎಸ್‌ಪಿ ಎಂದು ಕರೆಯಲಾಗುವ ರಾಜ್ಯ ವಿದ್ಯಾರ್ಥಿವೇತನ ಜಾಲತಾಣದಲ್ಲಿ ವಿವಿಧ ಇಲಾಖೆಗಳ ಮೆಟ್ರಿಕ್ ನಂತರದ ಯೋಜನೆಗಳಿಗೆ ಅರ್ಜಿ ಸಲ್ಲಿಸಬಹುದಾಗಿದ್ದು, ಮಂಜೂರಾದ ಹಣವು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ಕೇಂದ್ರ ಸರ್ಕಾರದ ಯೋಜನೆಯಲ್ಲಿ ಪರಿಶಿಷ್ಟ ಜಾತಿಯ ಕುಟುಂಬಗಳಿಗೆ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ.

ಮೂರನೆಯದು ಶಿಕ್ಷಣ ಸಾಲ. ಸಾಮಾನ್ಯವಾಗಿ ಓದು ಮುಗಿದು 1 ವರ್ಷದವರೆಗೆ ಕಂತು ಕಟ್ಟಬೇಕಿಲ್ಲವಾದರೂ ಆ ಅವಧಿಯಲ್ಲಿ ಬಡ್ಡಿ ಬೆಳೆಯುತ್ತಲೇ ಇರುತ್ತದೆ; ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರು ತಮ್ಮ, ಪತಿ ಅಥವಾ ಪತ್ನಿಯ, ಇಲ್ಲವೇ ಮಕ್ಕಳ ಉನ್ನತ ಶಿಕ್ಷಣದ ಸಾಲಕ್ಕೆ ಕಟ್ಟಿದ ಬಡ್ಡಿಯನ್ನು 8 ವರ್ಷಗಳವರೆಗೆ ತೆರಿಗೆಗೊಳಪಡುವ ಆದಾಯದಿಂದ ಕಳೆಯಬಹುದು.

ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಲ್ಲದೆ ಹಲವು ಅರ್ಜಿಗಳು ಮುಂದೆ ಸಾಗುವುದಿಲ್ಲವಾದ್ದರಿಂದ, ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ನಿವಾಸಿಗಳು ಕಾಲೇಜಿಗೆ ಸೇರುವ ಮೊದಲೇ ತಮ್ಮ ವ್ಯಾಪ್ತಿಯ ನಾಡಕಚೇರಿಯಲ್ಲಿ ಅವುಗಳನ್ನು ಪಡೆದಿಟ್ಟುಕೊಳ್ಳಬೇಕು; ಸಾಲದ ಬಾಗಿಲು ತಟ್ಟುವ ಮುನ್ನ ಹಕ್ಕಿನ ನೆರವನ್ನು ಕೇಳಿ ಪಡೆಯಬೇಕು.