ಗುಡುಗು ಮಳೆಯ ಸಂಜೆಗೆ ನಿಮ್ಮ ಕೊಟ್ಟಿಗೆ ಸಿದ್ಧವೇ?

ಹಾಲು ಉತ್ಪಾದಕ ಸಹೋದರಿಯರೇ,

ಅಶ್ವಿನಿ, ಭರಣಿ ಮಳೆಗಳು ನಮ್ಮ ಕಡೆ ಹೆಚ್ಚಾಗಿ ಬರುವುದು ಇಳಿಹೊತ್ತಿನಲ್ಲಿ. ಬಿಸಿಲಿಗೆ ಕಾದ ನೆಲದ ಮೇಲೆ ಮೋಡ ಕಟ್ಟಿ, ಗಾಳಿ ಎದ್ದು, ಕರೆಂಟು ಹೋಗುತ್ತದೆ. ಅದೇ ಹೊತ್ತಿಗೆ ಹಸು ಮನೆಗೆ ಬರಬೇಕು, ಹಾಲು ಕರೆಯಬೇಕು, ಡೇರಿಗೆ ಹಾಕಬೇಕು. ಅಪಾಯವಿರುವುದು ಈ ಆತುರದಲ್ಲೇ. ಮಂಡ್ಯದ ನಾಲೆ ಬಯಲಿರಲಿ, ಮದ್ದೂರಿನ ತೆಂಗಿನ ತೋಟವಿರಲಿ, ಮಳವಳ್ಳಿಯ ಖುಷ್ಕಿ ಹೊಲವಿರಲಿ, ಆ ಒಂದೆರಡು ಗಂಟೆಗೆ ಮೊದಲೇ ಸಿದ್ಧವಾಗಿರುವುದು ಒಳ್ಳೆಯದು.

ಸಿಡಿಲಿನಿಂದ ರಕ್ಷಣೆ

ಮರಕ್ಕೆ ಸಿಡಿಲು ಬಡಿದಾಗ ವಿದ್ಯುತ್ತು ಬುಡದ ಸುತ್ತಲಿನ ನೆಲದಲ್ಲಿ ಹರಡುತ್ತದೆ. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು. ಹಾಗಾಗಿ ವಿದ್ಯುತ್ತು ಒಂದು ಕಾಲಿನಿಂದ ಹತ್ತಿ ಎದೆಯ ಮೂಲಕ ಇನ್ನೊಂದು ಕಾಲಿಗೆ ಇಳಿಯುತ್ತದೆ. ಒಂದೇ ಮರದಡಿ ನಿಂತ ಹಲವು ರಾಸುಗಳು ಒಟ್ಟಿಗೆ ಸಾಯುವುದು ಹೀಗೆ. ಮೋಡ ಕಟ್ಟಿದ ದಿನ ಹಸುವನ್ನು ಬೇಗ ಮನೆಗೆ ಹೊಡೆದುಕೊಂಡು ಬನ್ನಿ. ಒಂಟಿ ಮರ, ತೆಂಗು, ತಂತಿ ಬೇಲಿಗೆ ಕಟ್ಟಬೇಡಿ. ಕೊಟ್ಟಿಗೆಯಲ್ಲಿ ಒಂದೇ ಎಳೆತಕ್ಕೆ ಬಿಚ್ಚುವಂತೆ ಗಂಟು ಹಾಕಿ. ಛಾವಣಿಯ ಶೀಟಿನ ಮೇಲೆ ಕಲ್ಲು ಹೇರಿದರೆ ಸಾಲದು. ಗಾಳಿಗೆ ಅದೇ ಕಲ್ಲು ಹಸುವಿನ ಮೇಲೆ ಬೀಳುತ್ತದೆ. ಶೀಟನ್ನು ಬೋಲ್ಟ್ ಹಾಕಿ ಬಿಗಿಸಿ.

ಗುಡುಗುವಾಗ ಹಾಲು ಕರೆಯಲು ಕೂರಬೇಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯಲಿ. ಒಂದು ಗಂಟೆ ತಡವಾದರೆ ಹಸುವಿಗೆ ತೊಂದರೆಯಿಲ್ಲ. "ಡೇರಿ ಮುಚ್ಚಿಬಿಡುತ್ತಾರೆ" ಎಂದು ಕ್ಯಾನ್ ಹಿಡಿದು ಮಳೆಯಲ್ಲಿ ಓಡುವುದು ಬೇಡ. ಗುಡುಗು ಮಳೆಯ ಸಂಜೆ ಹಾಲು ತೆಗೆದುಕೊಳ್ಳುವ ಸಮಯವನ್ನು ಮುಂದಕ್ಕೆ ಹಾಕುವಂತೆ ಸಂಘದ ಸಭೆಯಲ್ಲಿ ಈಗಲೇ ಕೇಳಿ, ತೀರ್ಮಾನ ಮಾಡಿಸಿ.

ಕರೆಂಟು ಹೋದಾಗ

ಬೋರು ನಿಂತರೆ ಮೊದಲು ಕೊರತೆಯಾಗುವುದು ನೀರು. ಹಾಲು ಕೊಡುವ ಸೀಮೆಹಸುವಿಗೆ ಬೇಸಿಗೆಯಲ್ಲಿ ದಿನಕ್ಕೆ 60 ಲೀಟರಿಗೂ ಹೆಚ್ಚು ನೀರು ಬೇಕಾಗಬಹುದು. ತೊಟ್ಟಿ, ಡ್ರಮ್ಮುಗಳನ್ನು ಬೆಳಿಗ್ಗೆಯೇ ತುಂಬಿಸಿಡಿ. ಎರಡು ದಿನಕ್ಕಾಗುವಷ್ಟು ಒಣಹುಲ್ಲು, ಹಿಂಡಿ, ಬೂಸಾ ನೆನೆಯದ ಕಡೆ ಇರಲಿ. ಬೂಷ್ಟು ಹಿಡಿದ ಮೇವನ್ನು ಹಾಕಬೇಡಿ.

ಕರೆಂಟಿಲ್ಲವೆಂದು ಒಂದು ಹೊತ್ತು ಕರೆಯದೆ ಬಿಡಬೇಡಿ. ಕೆಚ್ಚಲು ಬಾವಿಗೆ ಅದು ದಾರಿ. ಯಂತ್ರದಲ್ಲಿ ಕರೆಯುವವರು ಆಗಾಗ ಕೈಯಲ್ಲೂ ಕರೆದು ಹಸುವಿಗೆ ರೂಢಿ ಮಾಡಿಸಿ. ಹಾಲು ಬೆಚ್ಚಗಿರುವಷ್ಟು ಹೊತ್ತು ಅದರಲ್ಲಿ ಸೂಕ್ಷ್ಮಾಣುಗಳು ಬೆಳೆಯುತ್ತಲೇ ಇರುತ್ತವೆ. ಡೇರಿಯ ಬಿಎಂಸಿಯಲ್ಲಿ ಹಾಲು 4 ಡಿಗ್ರಿಗೆ ತಣಿಯುತ್ತದೆ. ಅಲ್ಲಿಗೆ ಮುಟ್ಟುವವರೆಗೆ ಕಾಪಾಡುವವರು ನೀವೇ. ಹಾಲನ್ನು ಸೋಸಿ, ಸ್ಟೀಲ್ ಕ್ಯಾನಿಗೆ ಹಾಕಿ ಮುಚ್ಚಿ, ತಣ್ಣೀರಿನ ಟಬ್ಬಿನಲ್ಲಿ ಇಡಿ. ಹಾಲಿನೊಳಗೆ ಐಸು, ನೀರು ಹಾಕಬೇಡಿ. ಒಂದು ಕ್ಯಾನಿನ ಹುಳಿ ಹಾಲು ಊರಿನವರೆಲ್ಲರ ಹಾಲನ್ನು ಕೆಡಿಸಿ ಬಟವಾಡೆಗೆ ಕೈ ಹಾಕುತ್ತದೆ.

ಮಳೆ ನಿಂತ ಮೇಲೆ

ಕತ್ತಲಲ್ಲಿ ಟಾರ್ಚಿಲ್ಲದೆ ಹೊಲಕ್ಕೆ ಹೋಗಬೇಡಿ. ತಂತಿ ಬಿದ್ದಿದ್ದರೆ, ಕರೆಂಟು ಹೋಗಿದೆ ಎಂದು ನಂಬಿ ಹತ್ತಿರ ಸುಳಿಯಬೇಡಿ. ಅದು ಯಾವ ಕ್ಷಣದಲ್ಲಾದರೂ ಬರಬಹುದು. ತಂತಿ ತಗುಲಿದ ಹಸುವನ್ನು ಬಿಡಿಸಲು ಹೋದವರೂ ಜೀವ ಕಳೆದುಕೊಳ್ಳುತ್ತಾರೆ. ಹಸು ಒದ್ದಾಡುತ್ತಿದ್ದರೂ ಮುಟ್ಟದೆ ಸೆಸ್ಕ್‌ನ 1912ಕ್ಕೆ ಕರೆ ಮಾಡಿ, ಲೈನ್‌ಮನ್ ಬರುವವರೆಗೆ ಮಕ್ಕಳನ್ನು ದೂರವಿಡಿ.

ರಾಸು ಸತ್ತರೆ ಅವಸರದಲ್ಲಿ ಹೂಳಬೇಡಿ, ಕಿವಿಯೋಲೆ ತೆಗೆಯಬೇಡಿ. ಓಲೆ ಕಾಣುವಂತೆ ಫೋಟೊ ತೆಗೆದು ಪಶುವೈದ್ಯರಿಗೆ, ಸಂಘದ ಕಾರ್ಯದರ್ಶಿಗೆ, ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ. ಮರಣೋತ್ತರ ಪರೀಕ್ಷೆಯ ವರದಿಯಿಲ್ಲದೆ ವಿಮೆ, ಪರಿಹಾರ ಕೇಳುವುದು ಕಷ್ಟ.

ರಾಸುಗಳ ಚಿಕಿತ್ಸೆಗೆ 1962. ಈ ಸಂಖ್ಯೆಯನ್ನೂ 1912ನ್ನೂ ಇಂದೇ ಕೊಟ್ಟಿಗೆಯ ಗೋಡೆ ಮೇಲೆ ದೊಡ್ಡದಾಗಿ ಬರೆದಿಡಿ. ಫೋನ್ ಚಾರ್ಜ್ ಮಾಡುವ ಕೆಲಸ ಮಧ್ಯಾಹ್ನವೇ ಮುಗಿದಿರಲಿ.