ಟಿಪ್ಪುವಿನ ಪಿಸ್ತೂಲು ಅಸಲಿಯೇ?

ಪೇಪರಿನಲ್ಲಿ ಲಂಡನ್ನಿನ ಹರಾಜಿನ ಸುದ್ದಿ ಓದಿದ ಮೊಮ್ಮಗಳು, "ತಾತಾ, ಹಳೇ ಪಿಸ್ತೂಲು ಟಿಪ್ಪೂದೇ ಅಂತ ಹೇಗೆ ಗೊತ್ತಾಗುತ್ತೆ? ಸಹಿ ಹಾಕಿರ್ತಾನಾ?" ಎಂದಳು. ಮೂರು ದಶಕ ಬ್ಯಾಂಕಿನಲ್ಲಿ ಚೆಕ್ಕಿನ ಸಹಿ ತಾಳೆ ನೋಡಿದವನು ನಾನು. ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು.

ಸಹಿಗಿಂತ ಗಟ್ಟಿ ಗುರುತುಗಳಿವೆ, ಮಕ್ಕಳೇ. ಮೊದಲನೆಯದು ಹುಲಿ. ಟಿಪ್ಪು ಹೇಳಿ ಮಾಡಿಸಿದ ಆಯುಧಗಳಲ್ಲಿ ಹುಲಿಯ ಮುಖ ಇಲ್ಲವೇ ಹುಲಿಪಟ್ಟೆಯ ವಿನ್ಯಾಸ ಇದ್ದೇ ಇರುತ್ತದೆ ಎನ್ನಬಹುದು. ಈ ಪಟ್ಟೆಗೆ ‘ಬಬ್ರಿ’ ಎಂದು ಹೆಸರು. ಎರಡನೆಯದು, ತಂದೆ ಹೈದರನ ಹೆಸರಿನ ಮುದ್ರೆ. ಮೂರನೆಯದು ಊರು: ‘ಪಟನ್’ ಎಂದಿದ್ದರೆ ನಮ್ಮ ಶ್ರೀರಂಗಪಟ್ಟಣದ ಕಾರ್ಖಾನೆಯ ಕೆಲಸ.

ನನಗೆ ತುಂಬ ಹಿಡಿಸಿದ್ದು ಇಸವಿ. ಟಿಪ್ಪು ‘ಮೌಲೂದಿ’ ಎಂಬ ತನ್ನದೇ ಲೆಕ್ಕ ತಂದಿದ್ದ. ಅದಕ್ಕೆ 572 ಕೂಡಿದರೆ ಹೆಚ್ಚುಕಡಿಮೆ ನಮ್ಮ ಇಸವಿ ಸಿಗುತ್ತದೆ. 1224 ಎಂದಿದ್ದರೆ 1796. ಅವನ ನಾಣ್ಯಗಳಲ್ಲಂತೂ ಈ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು! ಲೆಕ್ಕ ತಿಳಿಯದ ನಕಲಿಗಾರ ಇಲ್ಲೇ ಎಡವಬೇಕು.

ಪಿಸ್ತೂಲಿನಲ್ಲಿ ಇನ್ನೊಂದು ಸೊಗಸಿದೆ. ಆ ಕಾಲದಲ್ಲಿ ಕುದುರೆ ಒತ್ತಿದರೆ ಚಕಮಕಿ ಕಲ್ಲು ಉಕ್ಕಿಗೆ ಬಡಿದು, ಕಿಡಿ ಹಾರಿ, ಮದ್ದು ಹತ್ತಿಕೊಳ್ಳುತ್ತಿತ್ತು. ಈ ಸಲಕರಣೆ ಸಾಮಾನ್ಯವಾಗಿ ಬಲಬದಿಗೆ. ಟಿಪ್ಪುವಿನ ಕೆಲವು ಜೋಡಿಗಳಲ್ಲಿ ಒಂದಕ್ಕೆ ಬಲಕ್ಕೆ, ಇನ್ನೊಂದಕ್ಕೆ ಎಡಕ್ಕೆ. ಕನ್ನಡಿಯಲ್ಲಿ ನೋಡಿದ ಹಾಗೆ. ಅಂಥ ಜೋಡಿ ಬೇರ್ಪಟ್ಟರೆ ಬೆಲೆಯೂ ಇಳಿಯುತ್ತದೆ.

ಬೆಲೆ ಬರೀ ಕಸುಬಿಗೆ ಕಟ್ಟುವುದಲ್ಲ. ಮನೆ ಅಡವಿಡಲು ಬಂದವರನ್ನು ನಾವು ಮೂಲಪತ್ರ ಕೇಳುತ್ತಿದ್ದೆವಲ್ಲ, ಇದಕ್ಕೂ ಹಾಗೆಯೇ: ಯಾರ ಕೈಯಿಂದ ಯಾರ ಕೈಗೆ ಬಂತು? ಈ ಪತ್ರಗಳನ್ನು ಹಿಂದಕ್ಕೆ ಓದುತ್ತ ಹೋದರೆ ಬಹಳಷ್ಟು ಸಲ ತಲುಪುವುದು 1799ರ ಮೇ 4ಕ್ಕೆ. ಅಂದು ಕೋಟೆ ಬಿತ್ತು, ಟಿಪ್ಪು ಸತ್ತ, ಅರಮನೆ ಲೂಟಿಯಾಯಿತು. 2023ರಲ್ಲಿ ಲಂಡನ್ನಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋದ ಅವನ ಖಡ್ಗದ ಮೇಲೆ, ಅದನ್ನು ಸೇನಾಧಿಕಾರಿ ಬೇರ್ಡ್‌ಗೆ ಕೊಟ್ಟ ವಿವರ ಕೆತ್ತಿದೆ. ಲೂಟಿಯ ಬರಹವೇ ಮೂಲಪತ್ರ! ಬ್ಯಾಂಕಿನಲ್ಲಿ ಇಂಥ ಪತ್ರ ತಂದಿದ್ದರೆ ಮ್ಯಾನೇಜರು ಪೊಲೀಸರಿಗೆ ಫೋನ್ ಮಾಡುತ್ತಿದ್ದರು.

2019ರಲ್ಲಿ ಇಂಗ್ಲೆಂಡಿನ ಒಂದು ಮನೆಯ ಅಟ್ಟದಲ್ಲಿ ಟಿಪ್ಪುವಿನ ಬೆಳ್ಳಿ ಕೆಲಸದ ಬಂದೂಕು ಸಿಕ್ಕಿತು. ಭಾರತಕ್ಕೆ ಮರಳಿಸುವುದನ್ನು ಯೋಚಿಸಿ ಎಂದು ನಮ್ಮ ಹೈಕಮಿಷನ್ ಕೇಳಿಕೊಂಡರೂ ಹರಾಜು ನಡೆಯಿತು. 60,000 ಪೌಂಡ್ ಬಂತು.

ಆಯುಧ ಹೋದರೂ ಅವನ್ನಿಟ್ಟಿದ್ದ ಕಟ್ಟಡಗಳು ಕೆಲವು ಇಲ್ಲೇ ಇವೆ. ಶ್ರೀರಂಗಪಟ್ಟಣದ ಒಂದು ಶಸ್ತ್ರಾಗಾರ ಮೈಸೂರಿನ ಜೋಡಿ ರೈಲು ಹಳಿಗೆ ಅಡ್ಡವಾಗಿತ್ತು. 2017ರಲ್ಲಿ ಅದನ್ನು ಒಡೆಯದೆ, ಇಡಿಯಾಗಿ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿಟ್ಟರು. ಸ್ಟೇಷನ್ನಿನ ಹತ್ತಿರವೇ ಇದೆ. ಬೇಸಿಗೆ ರಜೆಯಲ್ಲಿ ತಾತನನ್ನು ಎಳೆದುಕೊಂಡು ಹೋಗಿ ನೋಡಿ.